ಆರನೇ ಕೋಣೆಯ ಚಮಚ

"ಹಾಗಾದ್ರೆ ಎಲ್ಲರಿಗೂ ಒಪ್ಪಿಗೆ ತಾನೇ?" ಎಂದು ಹೆಡ್‌ಮಾಸ್ತರು ಕೇಳಿದ ತಕ್ಷಣ ಸ್ಟಾಫ್ ರೂಮಿನ ಬಾಯಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. "ಆಗಲಿ ಸರ್" ಎಂಬ ಸದ್ದು ಮೇಲೆದ್ದು ಫ್ಯಾನಿಗೆ ಬಡಿದು ಚೂರುಚೂರಾಗಿ ಕೆಳಗೆ ಬಿತ್ತು. ಅಷ್ಟು ಬಾಯಿಗಳಲ್ಲಿ ಒಂದರಿಂದ ಮಾತ್ರ ಏನೂ ಹೊರಡಲಿಲ್ಲ. ಅದು ಲೆಕ್ಕದ ಮಿಸ್ಸಿನ ಬಾಯಿ. ತುಟಿಗಳು ಒಂದಕ್ಷರವನ್ನೂ ಬಿಡದೆ ಆಡಿದ್ದವು. ದನಿಯನ್ನು ಮಾತ್ರ ಅವಳು ಗಂಟಲಿನಲ್ಲೇ ಕೂರಿಸಿಕೊಂಡಿದ್ದಳು.

ಒಪ್ಪಿಗೆ ಕೊಟ್ಟ ವಿಷಯ ದೊಡ್ಡದೇನಲ್ಲ. ಏಳನೇ ಕ್ಲಾಸಿನವರ ಲೆಕ್ಕ ನೆಲ ಕಚ್ಚಿದೆ. ಆದ್ದರಿಂದ ಮುಂದಿನ ಶನಿವಾರದಿಂದ, ಲೆಕ್ಕದ ಮಿಸ್ಸು ಹಾಡಿಸುತ್ತಿದ್ದ ಮಧ್ಯಾಹ್ನದ ಕೋರಸ್ ಬಂದ್. ಆ ಹೊತ್ತಿನಲ್ಲಿ ಅದೇ ಮಕ್ಕಳಿಗೆ ಅದೇ ಮಿಸ್ಸು ಲೆಕ್ಕದ ಸ್ಪೆಷಲ್ ಕ್ಲಾಸು ಮಾಡಬೇಕು, ಅದೂ ಆರನೇ ನಂಬರಿನ ಕೋಣೆಯಲ್ಲಿ.

"ಹಾಡು ಹೇಳ್ಕೊಂಡು ಯಾರಾದ್ರೂ ಲೆಕ್ಕ ಪಾಸಾಗಿದ್ದು ನೋಡಿದೀರೇನ್ರೀ?" ಎಂದು ಹೆಡ್‌ಮಾಸ್ತರು ಕೇಳಿದ್ದರು.

"ಇಲ್ಲ ಸರ್," ಎಂದಿದ್ದರು ಚರಿತ್ರೆ ಮೇಷ್ಟ್ರು. "ಲೆಕ್ಕದಲ್ಲಿ ಫೇಲಾಗಿ ಹಾಡು ಹೇಳ್ಕೊಂಡು ಓಡಾಡೋರನ್ನ ಬೇಕಾದಷ್ಟು ನೋಡಿದೀನಿ."

ಎಲ್ಲರೂ ನಕ್ಕಿದ್ದರು. ಲೆಕ್ಕದ ಮಿಸ್ಸೂ ನಕ್ಕಿದ್ದಳು, ಅದೂ ಬರೀ ತುಟಿಯಲ್ಲಿ.

ಆರನೇ ನಂಬರಿನ ಕೋಣೆ ಕಟ್ಟಿದವನು ಕಿಟಕಿ ಇಡುವುದನ್ನು ಮರೆತಿದ್ದನಂತೆ. ಸುಣ್ಣ ಹೊಡೆಯುವ ದಿನ ಅದು ನೆನಪಾಗಿ, ಚಾವಣಿಗೆ ಒಂದು ಗೇಣು ಕೆಳಗೆ ಎರಡು ಕಿಂಡಿ ಕೊರೆದು ಕೈ ತೊಳೆದುಕೊಂಡ. ಅವುಗಳಿಂದ ಆಕಾಶದ ಒಂದು ಪಟ್ಟಿ ಕಾಣುತ್ತಿತ್ತು, ಅದೂ ಗೋಡೆಯ ಬಣ್ಣದ್ದೇ. ಬಾಗಿಲಿಗೆ ಹೊರಗಡೆ ಹಿಡಿ ಇತ್ತು, ಒಳಗಡೆ ಇರಲಿಲ್ಲ. ಒಳಗಿನ ಹಿಡಿ ಯಾವುದೋ ಕಾಲದಲ್ಲಿ ಒಬ್ಬ ಹುಡುಗನ ಕೈಗೆ ಕಿತ್ತು ಬಂದು, ಅವನು ಹೆದರಿ ಅದನ್ನು ಮನೆಗೇ ಒಯ್ದುಬಿಟ್ಟನೆಂದು ಹೇಳುತ್ತಾರೆ. ಅವನಿಗೀಗ ಮೊಮ್ಮಕ್ಕಳಾಗಿದ್ದಾರೆ, ಹಿಡಿ ಅವನ ಮನೆಯ ಕಪಾಟಿಗಿದೆ. ಅಂದಿನಿಂದ ಆ ಬಾಗಿಲು ಒಮ್ಮೆ ಮುಚ್ಚಿಕೊಂಡರೆ, ಹಿಡಿಯಿದ್ದ ತೂತಿಗೆ ಚಮಚದ ತುದಿ ತೂರಿಸಿ ಒಂದು ಸುತ್ತು ತಿರುಗಿಸಿದರೆ ಮಾತ್ರ ಒಳಗಿನಿಂದ ತೆರೆಯುತ್ತಿತ್ತು. ಚಮಚಕ್ಕೆಂದು ಬೋರ್ಡಿನ ಪಕ್ಕ ಒಂದು ಮೊಳೆ ಇತ್ತು. ಹೊಸ ಹಿಡಿ ಬೇಕೆಂದು ಪ್ರತಿ ವರ್ಷ ಬರೆದು ಕಳಿಸುತ್ತಿದ್ದರು. ಒಂದು ವರ್ಷ ಮೇಲಿನವರು ಕರುಣೆ ತೋರಿ ಹೊಸ ಚಮಚ ಕಳಿಸಿದ್ದರು.

ಲೆಕ್ಕದ ಮಿಸ್ಸು ಆ ಕೋಣೆಗೆ ಬಂದದ್ದು ಒಂದೇ ವರ್ಷದ ಮಟ್ಟಿಗೆ ಎಂದು, ತಲೆಯಲ್ಲಿ ಒಂದೂ ಬಿಳಿ ಕೂದಲಿಲ್ಲದಿದ್ದ ಕಾಲದಲ್ಲಿ. ವರ್ಷವರ್ಷವೂ ಮಕ್ಕಳು ಹೇಗೋ ಪಾಸಾಗಿ ಮುಂದೆ ಹೋಗುತ್ತಿದ್ದರು, ಅವಳೊಬ್ಬಳು ಏಳನೇ ಕ್ಲಾಸಿನಲ್ಲೇ ಉಳಿಯುತ್ತಿದ್ದಳು. ಇಷ್ಟು ಸಲ ಫೇಲಾದವರು ಆ ಶಾಲೆಯಲ್ಲಿ ಇನ್ನೊಬ್ಬರಿರಲಿಲ್ಲ. ವಾರವಿಡೀ ಆ ಗೋಡೆಗಳ ನಡುವೆ ಅವಳಿಗೆ ಉಸಿರು ಅರ್ಧವೇ ಆಡುತ್ತಿತ್ತು. ಉಳಿದರ್ಧವನ್ನು ಅವಳು ಶನಿವಾರಕ್ಕೆ ಎತ್ತಿಟ್ಟುಕೊಂಡಿರುತ್ತಿದ್ದಳು.

ಶನಿವಾರದ ಕೋರಸ್ ನಡೆಯುತ್ತಿದ್ದದ್ದು ಸೈಕಲ್ ಶೆಡ್ಡಿನಲ್ಲಿ. ಅಲ್ಲಿ ಮೇಲೆ ತಗಡಿತ್ತು, ಸುತ್ತ ಗೋಡೆಯೇ ಇರಲಿಲ್ಲ, ಹಾಗಾಗಿ ಬಾಗಿಲಿನ ತಾಪತ್ರಯವೂ ಇರಲಿಲ್ಲ. ಶಾಲೆಯ ಕೀಬೋರ್ಡು ಹಿಂದೊಮ್ಮೆ ಯಾರದೋ ಬೀಳ್ಕೊಡುಗೆ ಸಮಾರಂಭಕ್ಕೆ ಹೋಗಿ ತಾನೂ ಬೀಳ್ಕೊಂಡಿತ್ತು. ಆದ್ದರಿಂದ ಮಿಸ್ಸು ಆರನೇ ಕೋಣೆಯ ಚಮಚ ತಂದು ಶೆಡ್ಡಿನ ಕಬ್ಬಿಣದ ಕಂಬಕ್ಕೆ ಒಂದೇಟು ಹೊಡೆಯುತ್ತಿದ್ದಳು. ಟಣ್ ಎಂದು ಹೊರಡುವ ಆ ದನಿಯೇ ಅವರ ಶ್ರುತಿ.

ಮೀಟಿಂಗಿನ ಮರುದಿನದ ಶನಿವಾರವೂ ಮೊದಲು ಚಪ್ಪಾಳೆ. ಎಡಗಡೆಯವರು ಎರಡೆರಡು ಎಣಿಕೆಗೊಮ್ಮೆ, ಬಲಗಡೆಯವರು ಮೂರುಮೂರು ಎಣಿಕೆಗೊಮ್ಮೆ. ಕೈ ಬಿಸಿಯಾದ ಮೇಲೆ ಹಾಡು. ಮಿಸ್ಸು ಎದುರಿಗೆ ನಿಂತು ಕೈ ಬೀಸುತ್ತಿರಲಿಲ್ಲ. ಎದುರಿಗೆ ನಿಂತವರಿಗೆ ಎಲ್ಲರೂ ಹಾಡುವವರ ಹಾಗೇ ಕಾಣುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಳು ಸಾಲುಗಳ ನಡುವೆ ನುಸುಳಿ ಒಂದೊಂದೇ ಬಾಯಿಯ ಹತ್ತಿರ ಕಿವಿ ತಗ್ಗಿಸುತ್ತಾ ಹೋಗುವಳು. ಬರೀ ತುಟಿ ಆಡಿಸುತ್ತಿರುವವರು ಸಿಕ್ಕರೆ ಬೈಯುವುದಿಲ್ಲ, ಏನೂ ಕೇಳುವುದಿಲ್ಲ, ಕಿವಿ ಅಲ್ಲೇ ಇಟ್ಟು ನಿಂತುಬಿಡುವಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಇರುವೆಯಷ್ಟು ದನಿಯೊಂದು ಹೊರಗೆ ಬರುತ್ತಿತ್ತು. ಅದು ಅಪಸ್ವರವಾದರೆ ಯಾರೂ ನಗುವ ಹಾಗಿರಲಿಲ್ಲ. ಪಕ್ಕದಲ್ಲಿದ್ದವರು ಸರಿಯಾದ ಸ್ವರವನ್ನು ಕೊಂಚ ಗಟ್ಟಿಯಾಗಿ ಹಾಡಬೇಕು, ಅಷ್ಟೇ. ತಪ್ಪಿದವರು ಅದರ ತೋಳು ಹಿಡಿದು ತಾವಾಗಿಯೇ ಹತ್ತಿ ಬರುತ್ತಿದ್ದರು.

ಅವರಲ್ಲೊಬ್ಬಳಿಗೆ ಹಾರ್ನು ಎಂದೇ ಹೆಸರು. ಅವಳು ಬಾಯಿ ತೆರೆದರೆ ರಸ್ತೆಯಲ್ಲಿ ಹೋಗುವ ಸೈಕಲ್‌ನವರು ಪಕ್ಕಕ್ಕೆ ಸರಿಯುತ್ತಿದ್ದರು. ಬೇರೆ ಯಾರೇ ಆದರೂ "ನೀನು ಸುಮ್ನೆ ತುಟಿ ಆಡ್ಸಮ್ಮ" ಎನ್ನುತ್ತಿದ್ದರು. ಮಿಸ್ಸು ಅವಳನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ, ಹಾಡಿನ ತಳಕ್ಕೆ ಒಂದೇ ಸ್ವರ ಹಿಡಿದುಕೊಂಡಿರು ಎಂದಿದ್ದಳು. ಹಾರ್ನು ಹಿಡಿದ ಸ್ವರದ ಮೇಲೆ ಉಳಿದವರು ನೆಮ್ಮದಿಯಾಗಿ ಓಡಾಡಿಕೊಂಡಿದ್ದರು.

ಹಾಡು ಮುಗಿದ ಮೇಲೆ ಹಾರ್ನೇ ಬಂದು ಕೇಳಿದಳು: "ಮಿಸ್, ಮುಂದಿನ ವಾರದಿಂದ ಇಲ್ವಂತೆ? ಹೌದಾ?"

"ಯಾರೇ ಹೇಳಿದ್ದು?"

"ಚರಿತ್ರೆ ಸರ್. ನೀವೂ ಒಪ್ಕೊಂಡ್ರಂತೆ."

ಮಿಸ್ಸು ಚಮಚವನ್ನು ಸೆರಗಿನಿಂದ ಒರೆಸಿದಳು. ಇನ್ನೊಮ್ಮೆ ಒರೆಸಿದಳು.

ಅವಳ ಗಂಡ ಲಿಫ್ಟ್ ರಿಪೇರಿಯವನು. ಮನೆಗೆ ಬಂದರೆ ಅವನ ಅಂಗಿಯ ಗ್ರೀಸಿನ ಕಲೆ ನೋಡಿಯೇ ಅಂದು ಎಷ್ಟನೇ ಮಹಡಿಯಲ್ಲಿ ಯಾರು ಸಿಕ್ಕಿಕೊಂಡಿದ್ದರೆಂದು ಅವಳು ಹೇಳಬಲ್ಲಳು.

"ಒಪ್ಕೊಂಡು ಬಂದ್ಯಾ?" ಎಂದು ಆ ಸಂಜೆ ವಿಷಯ ತಿಳಿದ ಅವನು ಕೇಳಿದ.

"ಒಪ್ಕೊಳ್ಲಿಲ್ಲರೀ. ಬರೀ ತುಟಿ ಆಡಿಸ್ದೆ."

"ಅದು ಅವರಿಗೆ ಗೊತ್ತಾಯ್ತಾ?"

"ಹೇಗೆ ಗೊತ್ತಾಗ್ಬೇಕು? ಎಲ್ಲರೂ ಒಟ್ಟಿಗೆ ಕೂಗಿದ್ರು."

"ಭಾರಿ ಹೋರಾಟ ಬಿಡು," ಎಂದು ಅವನು ಸಾಕ್ಸು ಕಳಚಿದ. "ನನ್ನ ಕಥೆ ಕೇಳು. ಲಿಫ್ಟಲ್ಲಿ ಸಿಕ್ಕೊಂಡೋರು ಬಾಯಿ ಬಡ್ಕೊಂಡ್ರೆ ನಂಗೆ ನೆಮ್ಮದಿ. ನಿಧಾನಕ್ಕೆ ಟೀ ಕುಡಿದೇ ಹೋಗ್ತೀನಿ. 'ನಾವು ಚೆನ್ನಾಗೇ ಇದೀವಿ, ಏನೂ ತೊಂದ್ರೆ ಇಲ್ಲ' ಅಂತಾರೆ ನೋಡು, ಅವಾಗ ಓಡ್ತೀನಿ. ಒಳಗೆ ಯಾರೋ ಕುಸಿದು ಬಿದ್ದಿರ್ತಾರೆ ಅಂತಲೇ ಲೆಕ್ಕ."

"ಇವತ್ತೇನಾಯ್ತು?"

"ಇವತ್ತು ನಾಲ್ಕು ಜನ. ನಾನು ಬಾಗಿಲು ತೆಗೆಯೋ ಹೊತ್ತಿಗೆ ಒಳಗೇ ಒಂದು ಸಂಘ ಕಟ್ಟಿ, ಅಧ್ಯಕ್ಷರನ್ನ ಆರಿಸಿ, ನನ್ನ ಮೇಲೆ ಖಂಡನಾ ನಿರ್ಣಯ ಪಾಸು ಮಾಡಿದ್ರು."

ಅವನ ಮಾತಿನಲ್ಲಿ ಯಾವಾಗಲೂ ಮುಕ್ಕಾಲು ಪಾಲು ಸುಳ್ಳು. ಉಳಿದ ಕಾಲು ಪಾಲು ಭಾನುವಾರವಿಡೀ ಅವಳ ತಲೆಯಲ್ಲಿ ಕೂತಿತ್ತು.

ಸೋಮವಾರ ಆರನೇ ಕೋಣೆಯ ಮೊಳೆ ಬರಿದಾಗಿತ್ತು. ಮಕ್ಕಳು ಬೆಂಚಿನ ಕೆಳಗೆ, ಕಸದ ಬುಟ್ಟಿಯಲ್ಲಿ, ಒಬ್ಬರ ಜೇಬಿನಲ್ಲಿ ಇನ್ನೊಬ್ಬರು ಹುಡುಕಿದರು. ಚಮಚ ಸಿಗಲಿಲ್ಲ. ಬಾಗಿಲು ಮುಚ್ಚಿಕೊಳ್ಳದ ಹಾಗೆ ಸಂದಿಗೊಂದು ಇಟ್ಟಿಗೆ ಇಟ್ಟು ಪಾಠ ಶುರುವಾಯಿತು. ಭಿನ್ನರಾಶಿ ಕೂಡುವ ಲೆಕ್ಕ. ಅವಳು ಬೋರ್ಡಿನ ಮೇಲೆ ವಿವರಿಸಿದಳು. ಮತ್ತೊಮ್ಮೆ ವಿವರಿಸಿದಳು. ಆಮೇಲೆ, ಅಷ್ಟು ವರ್ಷಗಳಿಂದ ಕೇಳಿಕೊಂಡು ಬಂದದ್ದನ್ನೇ ಕೇಳಿದಳು.

"ಅರ್ಥ ಆಯ್ತಾ?"

"ಆಯ್ತು ಮಿಸ್!"

ಅವಳ ಕೈಯ ಸೀಮೆಸುಣ್ಣ ಹಾಗೇ ನಿಂತಿತು. ಆ ಸದ್ದು ಅವಳಿಗೆ ಗೊತ್ತಿತ್ತು. ಶುಕ್ರವಾರ ಸ್ಟಾಫ್ ರೂಮಿನ ಫ್ಯಾನಿಗೆ ಬಡಿದು ಬಿದ್ದದ್ದು ಇದೇ ಸದ್ದು. ಒಳಗೆ ಎಲ್ಲರೂ ಚೆನ್ನಾಗಿದ್ದಾರಂತೆ, ಏನೂ ತೊಂದರೆ ಇಲ್ಲವಂತೆ.

"ಸರಿ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದ್ರೆ ಎಷ್ಟು? ಎಲ್ಲರೂ ಹೇಳ್ತಾನೇ ಇರಿ. ನಾನು ಸಾಕು ಅನ್ನೋವರೆಗೆ ನಿಲ್ಲಿಸ್ಬೇಡಿ," ಎಂದು ಅವಳು ಬೋರ್ಡು ಬಿಟ್ಟು ಕೆಳಗಿಳಿದಳು.

ಬೆಂಚುಗಳ ನಡುವೆ ಕಿವಿ ತಗ್ಗಿಸಿ ನಡೆದಳು. ಮೊದಲ ಬೆಂಚಿನಲ್ಲಿ ತುಟಿ ಇತ್ತು, ದನಿ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಜಾಣನೆಂದು ಹೆಸರಾದ ಮಾನಿಟರು "ಮ್ಮ್ಮ್" ಎನ್ನುತ್ತಿದ್ದ. ಕೊನೆಯ ಬೆಂಚಿನಲ್ಲಿ ಹಾರ್ನು, ಶೆಡ್ಡಿನ ತಗಡು ನಡುಗಿಸುವ ಹಾರ್ನು, ಬಾಯಿ ತೆರೆದುಕೊಂಡು ಮೀನಿನ ಹಾಗೆ ಕೂತಿದ್ದಳು. ಮಿಸ್ಸು ಅಲ್ಲೇ ನಿಂತಳು.

"ಐದರಲ್ಲಿ ಎರಡು," ಎಂಬ ಸಣ್ಣ ದನಿ ಬಂತು. "ಮೇಲಿಂದು ಮೇಲಿಂದಕ್ಕೆ, ಕೆಳಗಿಂದು ಕೆಳಗಿಂದಕ್ಕೆ."

ಯಾರೂ ನಗಲಿಲ್ಲ. ಪಕ್ಕದವಳು ಸರಿಯಾದದ್ದನ್ನು ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ. ಅವಳದ್ದೂ ಐದರಲ್ಲಿ ಎರಡೇ. ಮಿಸ್ಸು ತಿರುಗಿ ಬಂದು ಒಂದೊಂದೇ ಬಾಯಿಯ ಎದುರು ಕಾದಳು. ಇಡೀ ಕ್ಲಾಸಿನ ಗಂಟಲಿನಲ್ಲಿ ಅದೊಂದೇ ಉತ್ತರ ಅಡಗಿ ಕೂತಿತ್ತು.

"ಅಲ್ರೋ, ಅರ್ಧ ಬ್ರೆಡ್ಡು ಇತ್ತು. ನಾನು ಇನ್ನಷ್ಟು ಕೊಟ್ಟೆ. ಈಗ ನೋಡಿದ್ರೆ ಅರ್ಧಕ್ಕಿಂತ ಕಮ್ಮಿ ಆಗಿದೆ. ಮಿಕ್ಕಿದ್ದು ಯಾರು ತಿಂದ್ರು?"

ಮಾನಿಟರು ಹಿಂದಿನ ಬೆಂಚನ್ನು ಅನುಮಾನದಿಂದ ನೋಡಿದ.

"ಎಡಗಡೆಯವರೆಲ್ಲ ಎರಡಕ್ಕೊಂದು. ಬಲಗಡೆಯವರು ಮೂರಕ್ಕೊಂದು. ಶನಿವಾರದ ಹಾಗೇ. ಹಾರ್ನು, ನೀನು ಚಪ್ಪಾಳೆ ಹೊಡೀಬೇಡ, ಗಟ್ಟಿಯಾಗಿ ಎಣಿಸು."

ಒಂದು, ಎರಡು ಎಂದು ಹಾರ್ನು ಕೂಗಿದ್ದಕ್ಕೆ ಕಿಂಡಿಯ ಮೇಲಿನ ಪಾರಿವಾಳ ಹಾರಿಹೋಯಿತು. ಎಡಗಡೆಯ ಚಪ್ಪಾಳೆ, ಬಲಗಡೆಯ ಚಪ್ಪಾಳೆ, ಮತ್ತೆ ಎಡಗಡೆಯದು. ಆರಕ್ಕೆ ಎರಡೂ ಕಡೆಯವು ಒಟ್ಟಿಗೆ ಬಿದ್ದು ಗೋಡೆ ಅದುರಿತು.

ಗೋಡೆಯ ಆಚೆಯಿಂದ ಚರಿತ್ರೆ ಮೇಷ್ಟ್ರು ಡಸ್ಟರಿನಿಂದ ಕುಟ್ಟಿದರು. "ಏನಮ್ಮಾ ಅದು? ಇಲ್ಲಿ ಯುದ್ಧ ನಡೀತಿದೆ, ಸ್ವಲ್ಪ ಸುಮ್ನಿರಿ!"

ಆ ಕೋಣೆಯಲ್ಲಿ ಯುದ್ಧವೆಂದರೆ ಮೇಷ್ಟ್ರು ಸಾಲು ಹೇಳುವುದು, ಮಕ್ಕಳು ಅದನ್ನು ಒಟ್ಟಿಗೆ ಒದರುವುದು. ಅದರಲ್ಲಿ ಯಾರು ಸತ್ತರು ಯಾರು ಉಳಿದರು ಎಂದು ಇವತ್ತಿನವರೆಗೂ ಯಾವ ಮಗುವಿಗೂ ತಿಳಿದಿಲ್ಲ.

ಇನ್ನೊಂದು ಸುತ್ತು ಮುಗಿಯುವುದರೊಳಗೆ ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತಿದ್ದರು. ಗೋಡೆ ಕುಟ್ಟಿ ಸಾಲದೆ ಮೇಷ್ಟ್ರು ದೂರು ಕೊಟ್ಟು ಬಂದಿದ್ದರು.

"ಏನ್ರೀ ಇದು, ಲೆಕ್ಕದ ಕ್ಲಾಸಲ್ಲಿ ಚಪ್ಪಾಳೆ? ಅದೂ ಬಾಗಿಲು ತೆರೆದಿಟ್ಕೊಂಡು!"

"ಸರ್, ಇಟ್ಟಿಗೆ—"

"ಊರಿಗೆಲ್ಲ ಕೇಳಿಸ್ಬೇಕಾ?" ಎಂದು ಅವರು ಇಟ್ಟಿಗೆಯನ್ನು ಕಾಲಿನಿಂದ ಹೊರಕ್ಕೆ ಒದ್ದು, ಒಳಗೆ ಬಂದು, ಬಾಗಿಲನ್ನು ಬೆನ್ನಿನಿಂದ ದೂಡಿ ಮುಚ್ಚಿದರು.

ಕಟಕ್ ಎಂದಿತು. ಇಡೀ ಕ್ಲಾಸು "ಅಯ್ಯೋ" ಎಂದಿತು. ಈ ಸಲ ತುಟಿ ಮಾತ್ರ ಆಡಿಸಿದವರು ಒಬ್ಬರೂ ಇರಲಿಲ್ಲ.

ವಿಷಯ ತಿಳಿದು ಹೆಡ್‌ಮಾಸ್ತರ ಮುಖ ಸಣ್ಣದಾಯಿತು. ಅವರ ಮೊಬೈಲು ಆಫೀಸಿನಲ್ಲಿ ಚಾರ್ಜಿಗೆ ಬಿದ್ದಿತ್ತು. ಲೆಕ್ಕದ ಮಿಸ್ಸಿನದು ಸ್ಟಾಫ್ ರೂಮಿನ ಡ್ರಾಯರಿನಲ್ಲಿ, ಕ್ಲಾಸಿಗೆ ಮೊಬೈಲು ತರಬಾರದೆಂಬ ಅವರದೇ ಆಜ್ಞೆಯ ಪ್ರಕಾರ. ಮಕ್ಕಳೆಲ್ಲ ಸೇರಿ "ಬಾಗಿಲು ತೆಗೀರಿ" ಎಂದು ಕೂಗಿದರು. ಶನಿವಾರದ ಅಭ್ಯಾಸ, ಕೂಗೂ ತಾಳಕ್ಕೆ ಸರಿಯಾಗಿ ಬಿತ್ತು.

"ಹಾಡೋದೇ ಆದ್ರೆ ಮೆಲ್ಲಗೆ ಹಾಡಿ!" ಎಂದು ಗೋಡೆಯ ಆಚೆಯಿಂದ ಡಸ್ಟರು ಕುಟ್ಟಿತು.

ಹೆಡ್‌ಮಾಸ್ತರು ಕೂರಲು ಜಾಗ ಹುಡುಕಿದರು. ಮಿಸ್ಸಿನ ಕುರ್ಚಿಗೆ ಮೂರೇ ಕಾಲು. ಹಾರ್ನು ಸರಿದು ಜಾಗ ಮಾಡಿಕೊಟ್ಟಳು. ಮೊಣಕಾಲು ಡೆಸ್ಕಿಗೆ ತಾಗಿಸಿಕೊಂಡು ಅವರು ಕೊನೆಯ ಬೆಂಚಿನಲ್ಲಿ ಕೂತರು.

ಸೀಮೆಸುಣ್ಣ ಮುಗಿದಿತ್ತು. ಇನ್ನೊಂದು ತೆಗೆಯಲು ಮಿಸ್ಸು ಬ್ಯಾಗಿಗೆ ಕೈ ಹಾಕಿದಳು. ಕೈಗೆ ತಣ್ಣನೆಯ ಉದ್ದನೆಯದೇನೋ ತಾಗಿತು. ಶನಿವಾರ ಚಮಚವನ್ನು ಎರಡು ಸಲ ಒರೆಸಿ, ಮೊಳೆಗೆ ಹಾಕುವ ಬದಲು ಬ್ಯಾಗಿಗೆ ಹಾಕಿದ್ದಳು. ಅವಳು ಬಾಗಿಲ ಕಡೆ ನೋಡಿದಳು, ಆಮೇಲೆ ಹೆಡ್‌ಮಾಸ್ತರ ಮೊಣಕಾಲನ್ನು ನೋಡಿದಳು. ಸೀಮೆಸುಣ್ಣವನ್ನಷ್ಟೇ ತೆಗೆದುಕೊಂಡು, ಬ್ಯಾಗಿನ ಜಿಪ್ಪನ್ನು ಒಂದು ಚೂರೂ ಸದ್ದಾಗದಂತೆ ಎಳೆದಳು.

"ಹೇಗೂ ಕೂತಿದೀವಿ ಸರ್. ಪಾಠ ಮುಂದುವರಿಸ್ಲಾ?"

"ಮಾಡಿ, ಮಾಡಿ. ಆ ಚಪ್ಪಾಳೆ ಒಂದು ಬೇಡ."

"ಅರ್ಧಕ್ಕೆ ಮೂರನೇ ಒಂದು ಕೂಡಿಸಿದ್ರೆ ಎಷ್ಟು? ಎಲ್ಲರೂ ಹೇಳ್ತಾ ಇರಿ."

ಅವಳು ಮತ್ತೆ ಕಿವಿ ತಗ್ಗಿಸಿ ಹೊರಟಳು. ಈ ಸಲ ಬೆಂಚಿನಿಂದ ಬೆಂಚಿಗೆ ಬೇರೆ ಬೇರೆ ದನಿಗಳು ಕೇಳಿದವು. ಕೆಲವರದು ಐದರಲ್ಲಿ ಎರಡು, ಕೆಲವರದು ಆರರಲ್ಲಿ ಎರಡು, ಒಬ್ಬನದು ಏಳು. ತಪ್ಪೇ ಆದರೂ ಎಲ್ಲ ಸ್ವಂತದ್ದು. ಹಾಗೇ ನಡೆದು ಅವಳ ಕಿವಿ ಕೊನೆಯ ಬೆಂಚಿಗೆ ಬಂತು, ಹಾರ್ನನ್ನು ದಾಟಿತು, ಹೆಡ್‌ಮಾಸ್ತರ ಬಾಯಿಯ ಹತ್ತಿರ ನಿಂತಿತು.

ಅವರ ತುಟಿ ಗಂಭೀರವಾಗಿ ಆಡುತ್ತಿತ್ತು. ದನಿ ಇರಲಿಲ್ಲ.

ಅವಳು ಸರಿದು ಹೋಗಬಹುದಿತ್ತು. ಕಾಲು ಎತ್ತಿಯೂ ಇದ್ದಳು. ಎತ್ತಿದ ಕಾಲನ್ನು ಅಲ್ಲೇ ಇಟ್ಟು ನಿಂತಳು. ಒಬ್ಬೊಬ್ಬರಾಗಿ ಮಕ್ಕಳು ಸುಮ್ಮನಾದರು.

"ನಾನು ಭಾಷೆ ಮೇಷ್ಟ್ರಮ್ಮಾ," ಎಂದರು ಹೆಡ್‌ಮಾಸ್ತರು, ಪಿಸುದನಿಯಲ್ಲಿ. "ಲೆಕ್ಕ ಬಿಟ್ಟು ಯಾವ ಕಾಲ ಆಯ್ತೋ."

ಅವಳು ಅಲ್ಲಾಡಲಿಲ್ಲ.

"ಐದರಲ್ಲಿ... ಎರಡಾ?"

ಯಾರೂ ನಗಲಿಲ್ಲ. ನಗು ಬಾರದ್ದನ್ನು ನೋಡಿ ಹೆಡ್‌ಮಾಸ್ತರೇ ಸುತ್ತ ಒಮ್ಮೆ ಕಣ್ಣು ಹಾಯಿಸಿದರು, ಎಲ್ಲೋ ಏನೋ ಬಿಟ್ಟುಹೋಗಿದೆ ಎನ್ನುವವರ ಹಾಗೆ. ಆಗ ಹಾರ್ನು ಡೆಸ್ಕಿನ ಮೇಲೆ, ಅವರ ಕೈಯ ಪಕ್ಕದಲ್ಲೇ, ಬೆರಳಿನಿಂದ ಎರಡಕ್ಕೊಮ್ಮೆ ಮೆಲ್ಲಗೆ ತಟ್ಟತೊಡಗಿದಳು. ಮುಂದಿನ ಬೆಂಚಿನವನು ತಿರುಗಿ ಕೂತು ಮೂರಕ್ಕೊಮ್ಮೆ ತಟ್ಟಿದ.

"ನೀವು ಆರರವರೆಗೆ ಎಣಿಸಿ, ಎಷ್ಟು ಸಲ ತಟ್ಟಿದ್ವಿ ನೋಡಿ ಸರ್," ಎಂದಳು ಹಾರ್ನು. "ಆರಕ್ಕೆ ನಾವಿಬ್ರೂ ಒಟ್ಟಿಗೆ ತಟ್ತೀವಿ, ಅದು ಎರಡು ಅಂತ ಹಿಡ್ಕೋಬೇಕು. ತಪ್ಪಿದ್ರೂ ಪರವಾಗಿಲ್ಲ, ಮತ್ತೆ ಮೊದಲಿಂದ ತಟ್ತೀವಿ."

ಹೆಡ್‌ಮಾಸ್ತರು ಎಣಿಸಿದರು. ತಪ್ಪಿದರು. ಮಕ್ಕಳಿಬ್ಬರೂ ಮೊದಲಿನಿಂದ ತಟ್ಟಿದರು. ಈ ಸಲ ಹೆಡ್‌ಮಾಸ್ತರ ತಲೆಯೂ ಸಣ್ಣಗೆ ಆಡತೊಡಗಿತು.

"ಇವಳದ್ದು ಮೂರು. ಅವನದ್ದು ಎರಡು. ಐದು," ಎಂದರು. "ಆರರೊಳಗೆ ಐದು." ಒಂದು ಕ್ಷಣ ಬಿಟ್ಟು, "ಅರೆ!" ಎಂದರು, ಗಟ್ಟಿಯಾಗಿ. "ಆರರಲ್ಲಿ ಐದು!"

"ಆರರಲ್ಲಿ ಐದು," ಎಂದಿತು ಕ್ಲಾಸು. ಈ ಸಲ ಮಿಸ್ಸು ಯಾರ ಬಾಯಿಗೂ ಕಿವಿ ಇಡಬೇಕಾಗಿ ಬರಲಿಲ್ಲ.

ಆಗಲೇ ಬಾಗಿಲು ತೆರೆಯಿತು. ಹೆಡ್‌ಮಾಸ್ತರಿಗೆ ಫೋನು ಬಂದಿದೆಯೆಂದು ಅವರನ್ನು ಇಡೀ ಶಾಲೆ ಹುಡುಕಿದ ಜವಾನ, ಹೊರಗೆ ಬಿದ್ದಿದ್ದ ಇಟ್ಟಿಗೆ ನೋಡಿ ಹಿಡಿ ತಿರುಗಿಸಿದ್ದ. ಹೆಡ್‌ಮಾಸ್ತರು ಎದ್ದರು. ಮೊಣಕಾಲು ಬಿಡಿಸಿಕೊಂಡರು, ಅಂಗಿ ಕೊಡವಿದರು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮತ್ತೆ ಪೂರ್ತಿ ಹೆಡ್‌ಮಾಸ್ತರಾಗಿದ್ದರು.

"ಚೆನ್ನಾಗಿದೆ, ಪರವಾಗಿಲ್ಲ. ಸ್ಪೆಷಲ್ ಕ್ಲಾಸಲ್ಲೂ ಇದನ್ನೇ ಮಾಡಿ, ಇನ್ನೂ ಒಳ್ಳೇದಾಯ್ತು," ಎಂದರು. "ಶನಿವಾರದಿಂದ, ಇದೇ ಕೋಣೇಲಿ, ಹೇಳಿದ ಹಾಗೇ. ಆಗಲಿ ತಾನೇ?"

ಪಕ್ಕದ ಕೋಣೆಯಲ್ಲಿ ಯುದ್ಧ ಇನ್ನೂ ನಡೆದಿತ್ತು. ಲೆಕ್ಕದ ಮಿಸ್ಸಿನ ತುಟಿಗಳು ಅಭ್ಯಾಸಬಲದಿಂದ ತಾವೇ ತೆರೆದು "ಆ" ಎಂಬಲ್ಲಿಗೆ ಬಂದು ನಿಂತಿದ್ದವು. ಬೆಂಚುಗಳ ಮೇಲಿನ ಅಷ್ಟೂ ಕಣ್ಣು ಆ ತುಟಿಗಳನ್ನೇ ನೋಡುತ್ತಿದ್ದವು. ಹಾರ್ನು ಎಲ್ಲರಿಗಿಂತ ಹೆಚ್ಚು ಮುಂದಕ್ಕೆ ಬಾಗಿ ಕೂತಿದ್ದಳು.

"ಬೇಡ ಸರ್," ಎಂದಳು ಮಿಸ್ಸು.

ಅದು ಬಹಳ ಸಣ್ಣ ದನಿ. ಯುದ್ಧದ ಗಲಾಟೆಯಲ್ಲಿ ಬಾಗಿಲವರೆಗೂ ಹೋಗಲಿಲ್ಲ.

"ಏನಂದ್ರಿ? ಕೇಳಿಸ್ಲಿಲ್ಲ."

ಹೆಡ್‌ಮಾಸ್ತರು ಹೊಸ್ತಿಲಿಂದ ತಿರುಗಿ ಬಂದರು. ಜವಾನ ಬಾಗಿಲು ಮತ್ತೆ ಮುಚ್ಚಿಕೊಳ್ಳದ ಹಾಗೆ ಪಾದ ಅಡ್ಡ ಇಟ್ಟು ನಿಂತ. ಅವರು ಅವಳ ಎದುರಿಗೆ ಬಂದು, ಕೊಂಚ ಬಾಗಿ, ಅವಳ ಬಾಯಿಯ ಹತ್ತಿರ ಕಿವಿ ತಗ್ಗಿಸಿದರು. ಕಿವಿಯ ಅಂಚಿಗೆ ಎಲ್ಲಿಂದಲೋ ಸೀಮೆಸುಣ್ಣದ ಪುಡಿ ಅಂಟಿತ್ತು. ಕೊನೆಯ ಬೆಂಚಿನಿಂದ, ಬೆರಳೊಂದು ಡೆಸ್ಕನ್ನು ಎರಡಕ್ಕೊಮ್ಮೆ ಮೆಲ್ಲಗೆ ತಟ್ಟುವುದು ಕೇಳುತ್ತಿತ್ತು.